ಕಸೂತಿಯ ಹಿಂಬದಿ ಕೆಡುವುದೇಕೆ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಕಸೂತಿ ಹಿಡಿದಿದ್ದೇನೆ. ಎರಡೂ ಬದಿ ಒಂದೇ ತೆರ ಕಾಣಬೇಕಾದ ಗವಂತಿ ಹೊಲಿಗೆಯಲ್ಲಿ ಗೋಪುರದ ಚಿತ್ತಾರ ಹಾಕಿದರೆ ಮುಂದೆ ಚೆಂದ, ಹಿಂದೆ ಅಡ್ಡಾದಿಡ್ಡಿ. ಕೆಲವೆಡೆ ಗೆರೆ ಕೂಡುವುದೇ ಇಲ್ಲ. ಕಪ್ಪು ಚಂದ್ರಕಾಳಿ ಸೀರೆಗೆ ಕೈಹಾಕಲೇ?
– ಓದುಗರು, ಧಾರವಾಡ

ಉತ್ತರ: ಗೆರೆ ಕೂಡದಿರುವುದು ಎಣಿಕೆಯ ತಪ್ಪು. ಒಂದು ಹೊಲಿಗೆಗೆ ಬಟ್ಟೆಯ 4 ಎಳೆ ಎಂದರೆ ಕೊನೆತನಕ 4. ಒಮ್ಮೆ 3 ಆದರೂ ಗೋಪುರದ ತುದಿ ಜಾರುತ್ತದೆ. ಬಿಚ್ಚದೆ ಬೇರೆ ದಾರಿಯಿಲ್ಲ.

ಹಿಂಬದಿ ಕೆಡುವುದು ಸೂಜಿ ನಡೆದ ದಾರಿಯಿಂದ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಕವಲು ಸಿಕ್ಕರೆ ಆಗಲೇ ಅದರ ತುದಿಗೆ ಹೋಗಿ, ತುಂಬಿಕೊಂಡು ಮರಳಿ, ಆಮೇಲೆ ಮುಂದಿನ ಗೆರೆ. ‘ಆಮೇಲೆ ಹಾಕಿದರಾಯ್ತು’ ಎಂದು ಹಾರಿದಿರೋ, ಹಿಂದೆ ಉದ್ದ ದಾರ ಜೋತುಬೀಳುತ್ತದೆ. ಚೌಕುಳಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬಾಣ ಹಾಕಿಕೊಂಡು ಕೂರಿ. ಮರಳುವಾಗ ಸೂಜಿ ಹಳೆಯ ದಾರವನ್ನು ಸೀಳಬಾರದು. ಅದಕ್ಕೇ ಮೊಂಡು ತುದಿಯ ಸೂಜಿ.

ಗಂಟು ಬೇಡ. 2 ಇಂಚು ದಾರ ಬಿಟ್ಟು ಶುರುಮಾಡಿ, ಕೊನೆಗೆ ಹೊಲಿಗೆಗಳ ಅಡಿ ತೂರಿಸಿ.

ಸೀರೆ ಸದ್ಯಕ್ಕೆ ಬೇಡ. ಎಳೆ ಎದ್ದು ಕಾಣುವ ಬಿಳಿ ಮ್ಯಾಟಿ ಬಟ್ಟೆ, ಕೆಂಪು ದಾರ ಸಾಕು. ಮುಂದೆ ಕಪ್ಪು ಬಟ್ಟೆ ಹಿಡಿದಾಗ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ಎಳೆಗಳ ಸಂದು ಕಾಣುತ್ತದೆ.