ನೀವು ಕೇಳಿದಿರಿ: ಮನೆಯೊಳಗೊಂದು ಗಿಳಿ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ ಕಿಟ್ಟುವಿನ ವಿಷಯ ಎರಡು ಸಾಲು ಬರೆದದ್ದೇ ಬರೆದದ್ದು, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗಿಳಿಯದ್ದೇ. ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಲದವರೆಗೆ ಕಾಯಬೇಕು. ಕಿಟ್ಟು ಅಂದರೆ ಸನ್ ಕಾನ್ಯೂರ್ ಜಾತಿಯ ಹಳದಿ ಗಿಳಿ. ಮೂಲ ದಕ್ಷಿಣ ಅಮೆರಿಕ, ಈಗಿನ ವಿಳಾಸ ಕಾಸರಗೋಡಿನ ಕುಂಬಳೆ. ಒಂಬತ್ತು ವರ್ಷ ಆಯ್ತು. ನಾನು ಪಶುವೈದ್ಯ ಅಲ್ಲ, ಒಂಬತ್ತು ವರ್ಷ ಕಚ್ಚಿಸಿಕೊಂಡವ, ಅಷ್ಟೇ. ಹಾಗೆ ಅಂದುಕೊಂಡೇ ಓದಿ.

ಬೇಸಿಗೆಯ ಗಾಳಿಮಳೆಗೆ ತೋಟದ ಒಣ ತೆಂಗಿನಮರ ಬಿತ್ತು. ಪೊಟರೆಯಲ್ಲಿ ಎರಡು ಹಸಿರು ಗಿಳಿಮರಿಗಳಿದ್ದವು. ಒಂದು ಸತ್ತಿತು, ಇನ್ನೊಂದನ್ನು ಮಕ್ಕಳು ಸಾಕಿದರು. ಈಗ ಹೆಗಲ ಮೇಲೆ ಕೂರುತ್ತದೆ, ಹೆಸರು ಕರೆಯುತ್ತದೆ. ಪಕ್ಕದ ಮನೆಯವರು ಫಾರೆಸ್ಟಿನವರು ಕೇಸು ಹಾಕುತ್ತಾರೆ ಅಂತ ಹೆದರಿಸುತ್ತಾರೆ. ಬಿಟ್ಟುಬಿಡಬೇಕಾ? – ಓದುಗರು, ಬದಿಯಡ್ಕ

ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ನಮ್ಮ ನಾಡಿನ ಗಿಳಿಗಳು, ಅಂದರೆ ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ಸಾಮಾನ್ಯ ಗಿಳಿ, ಕೆಂಪುತಲೆ ಗಿಳಿ, ಘಟ್ಟದ ಬುಡದಲ್ಲಿ ಕಾಣುವ ನೀಲಿ ರೆಕ್ಕೆಯದ್ದು, ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಟ್ಟುಕೊಳ್ಳುವುದು, ಮೂರೂ ತಪ್ಪು. ಮೂರು ವರ್ಷದವರೆಗೆ ಜೈಲು ಉಂಟು. ದಂಡ ಮೊದಲು 25,000 ರೂಪಾಯಿ ಇತ್ತು, 2022ರ ತಿದ್ದುಪಡಿಯಲ್ಲಿ ಅದು ಒಂದು ಲಕ್ಷದವರೆಗೆ ಏರಿತು. ಜಾತ್ರೆಯಲ್ಲಿ ಗಿಣಿಶಾಸ್ತ್ರ ಹೇಳುವವರ ಪೆಟ್ಟಿಗೆಯೊಳಗಿನ ಗಿಳಿಗೂ ಇದೇ ಕಾನೂನು. "ಹಿಂದೆ ಎಲ್ಲರ ಮನೆಯಲ್ಲೂ ಇರಲಿಲ್ವಾ" ಅಂದರೆ ಇತ್ತು, ನಮ್ಮ ಅಜ್ಜನ ಮನೆಯ ಜಗಲಿಯಲ್ಲೂ ಒಂದು ನೇತಾಡುತ್ತಿತ್ತು. ಅದು ಕೂತ ಕೋಲು ಬಿಟ್ಟು ಬೇರೇನೂ ಕಾಣದೆ ಸತ್ತದ್ದೂ ನೆನಪುಂಟು.

ಆದರೆ ಕೇಸಿನ ಹೆದರಿಕೆಗೆ ಇವತ್ತೇ ಪಂಜರದ ಬಾಗಿಲು ತೆಗೆದು "ಹೋಗು" ಅನ್ನಬೇಡಿ. ಮನುಷ್ಯರ ಕೈತುತ್ತು ತಿಂದು ಬೆಳೆದ ಮರಿಗೆ ಯಾವ ಹಣ್ಣು ಎಲ್ಲಿ ಸಿಗುತ್ತದೆ ಗೊತ್ತಿಲ್ಲ, ಗಿಡುಗ ಅಂದರೆ ಎಂತ ಗೊತ್ತಿಲ್ಲ, ಬೆಕ್ಕಿನ ಹತ್ತಿರವೂ ನಡೆದುಕೊಂಡು ಹೋದೀತು. ಹತ್ತಿರದ ಫಾರೆಸ್ಟ್ ರೇಂಜ್ ಆಫೀಸಿಗೆ ನೀವೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಮರ ಬಿದ್ದ ಫೋಟೋ ಇದ್ದರೆ ಒಯ್ಯಿರಿ. ನೀವಾಗಿ ಹೋಗಿ ಹೇಳುವುದಕ್ಕೂ ಯಾರೋ ದೂರು ಕೊಟ್ಟ ಮೇಲೆ ಅವರು ಮನೆಗೆ ಬರುವುದಕ್ಕೂ ಬಹಳ ವ್ಯತ್ಯಾಸ ಉಂಟು. ಮಕ್ಕಳು ಅಳುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಇನ್ನೊಂದು ಒಣಮರ ಇದ್ದರೆ, ಮನೆ ಮೇಲೆ ಬೀಳುವ ಹಾಗೆ ಇಲ್ಲದಿದ್ದರೆ, ಕಡಿಯದೆ ಬಿಡಿ. ತೆಂಗಿನ ಸುಳಿ ತಿನ್ನುವ ಕುರುವಾಯಿ ಹುಳು ಅದರಲ್ಲಿ ಮೊಟ್ಟೆ ಇಡುತ್ತದೆ ಅಂತ ಕೃಷಿ ಆಫೀಸಿನವರು ಬೈಯಬಹುದು. ಅವರು ಹೇಳುವುದೂ ಸರಿಯೇ. ಆದರೂ ಗಿಳಿಗೆ ಮನೆ ಅಂತ ಇರುವುದು ಅಂಥ ಪೊಟರೆಯೇ.

ಗಂಡ ಗಲ್ಫ್ ಬಿಟ್ಟು ಬಂದ ಮೇಲೆ ಆಸೆಪಟ್ಟು ಆಫ್ರಿಕನ್ ಗ್ರೇ ಗಿಳಿ ತಂದರು. ಒಂದು ವರ್ಷದಿಂದ ದಿನಾ ಬೆಳಿಗ್ಗೆ "ರಾಮ ರಾಮ" ಹೇಳಿಕೊಡುತ್ತಿದ್ದೇವೆ, ಒಂದು ಸಲವೂ ಹೇಳಿಲ್ಲ. ಅತ್ತೆ ಮಲಯಾಳಂನಲ್ಲಿ ನಾಯಿಗೆ ಬೈಯುವ "ಪೋಡಾ" (ಹೋಗೋ) ಮಾತ್ರ ಚೆನ್ನಾಗಿ ಬರುತ್ತದೆ. ಮೊನ್ನೆ ಪೂಜೆಗೆ ಬಂದ ಭಟ್ಟರಿಗೂ ಹೇಳಿತು. ಮರೆಸುವುದು ಹೇಗೆ? – ಓದುಗರು, ಮಂಜೇಶ್ವರ

ಮೊದಲು ಒಂದು ಮಾತು ಕೇಳುತ್ತೇನೆ. ಅದು ಮೊದಲ ಸಲ "ಪೋಡಾ" ಅಂದಾಗ ಎಲ್ಲರೂ ನಕ್ಕಿರಿ, ಅಲ್ವಾ? ಅಲ್ಲಿಗೆ ಪಾಠ ಗಟ್ಟಿಯಾಯಿತು. "ರಾಮ ರಾಮ" ಅಂದರೆ ಯಾರೂ ಓಡಿ ಬರುವುದಿಲ್ಲ, "ಪೋಡಾ" ಅಂದರೆ ಮನೆಯೆಲ್ಲ ಸುತ್ತ ಸೇರುತ್ತದೆ. ಗಿಳಿ ಯಾವುದನ್ನು ಆರಿಸಿಕೊಂಡೀತು, ನೀವೇ ಹೇಳಿ.

ಎದುರು ನಿಂತು ನೂರು ಸಲ ಹೇಳಿದರೆ ಕಲಿಯುತ್ತದೆ ಅಂತ ನಾವು ತಿಳಿದಿದ್ದೇವೆ. ಗಿಳಿಪಾಠ ಅನ್ನುವ ಮಾತೇ ಹಾಗೆ ಹುಟ್ಟಿದ್ದು. ಗಿಳಿ ನಿಜವಾಗಿ ಕಲಿಯುವುದು ಜನ ತಮ್ಮೊಳಗೆ ಆಡುವ ಮಾತನ್ನು. ಕಾಡಿನಲ್ಲಿ ಅದು ಹಿಂಡಿನ ಜೀವಿ, ಹಿಂಡಿನವರು ಒಬ್ಬರಿಗೊಬ್ಬರು ಹೇಳುವುದನ್ನು ಕೇಳಿ ತಾನೂ ಸೇರಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಹಿಂಡು ಅಂದರೆ ನೀವು, ನಿಮ್ಮ ಗಂಡ, ಅತ್ತೆ ಮತ್ತು ಆ ನಾಯಿ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ತಂದು ಮೂವತ್ತು ವರ್ಷ ಕಲಿಸಿದರು. ಅವರು ಮಾಡಿದ್ದು ಇಷ್ಟು: ಗಿಳಿಯ ಎದುರು ಇಬ್ಬರು ಕೂರುವುದು, ಒಬ್ಬರು ಒಂದು ವಸ್ತು ತೋರಿಸಿ ಇದೇನು ಅಂತ ಕೇಳುವುದು, ಇನ್ನೊಬ್ಬರು ಸರಿ ಹೇಳಿದರೆ ಆ ವಸ್ತು ಅವರಿಗೇ ಕೊಡುವುದು. ನೋಡುತ್ತಿದ್ದ ಗಿಳಿಗೆ ತನಗೂ ಬೇಕು ಅನಿಸುತ್ತದೆ. ಅಲೆಕ್ಸ್ ಸುಮಾರು ನೂರು ಪದ ಕಲಿಯಿತು. ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. 2007ರಲ್ಲಿ ಸತ್ತಿತು.

ನೀವೂ ಒಂದು ಸಣ್ಣ ನಾಟಕ ಮಾಡಿ. ಗಂಡ ಹೊರಗಿನಿಂದ ಬಂದಾಗ ಗಿಳಿಯ ಎದುರೇ "ಬನ್ನಿ ಬನ್ನಿ, ಬಾಯಾರಿಕೆಗೆ ಎಂತ ಬೇಕು?" ಅಂತ ಜೋರಾಗಿ, ಖುಷಿಯಲ್ಲಿ ಕೇಳಿ, ಒಂದು ತುಂಡು ಬೆಲ್ಲ ಅವರ ಬಾಯಿಗೆ ಹಾಕಿ. ಗಿಳಿಗೆ ಹಾಕಬೇಡಿ, ಗಂಡನಿಗೆ. ದಿನಾ ನಡೆಯಲಿ. "ಪೋಡಾ" ಅಂದಾಗ ಮುಖ ತಿರುಗಿಸಿ, ನಗಬೇಡಿ, ಬೈಯಲೂ ಬೇಡಿ. ಬೈದರೂ ಅದಕ್ಕೆ ಮಾತಾಡಿಸಿದ ಹಾಗೆಯೇ. ಪೂರ್ತಿ ಮರೆಯುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಕನ್ನಡ, ತುಳು, ಮಲಯಾಳಂ ಮೂರೂ ಓಡಾಡುವ ಮನೆಯಲ್ಲಿ ಗಿಳಿಗೆ ಒಂದೇ ಭಾಷೆ ಬರಲಿ ಅಂದರೆ ಆಗುವ ಮಾತಲ್ಲ. ನಾಯಿಗೆ ಬೈಯುವ ಶಬ್ದ ಬದಲಿಸಿ ಅಂತ ಅತ್ತೆಯವರಿಗೆ ಹೇಳುವ ಧೈರ್ಯ ನಿಮಗೆ ಇದ್ದರೆ ಅದೂ ಒಂದು ದಾರಿ.

ಮರೆಯುವ ಮೊದಲು: ಆಫ್ರಿಕನ್ ಗ್ರೇ 2017ರಿಂದ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ, ಅಂದರೆ ಅತಿ ಬಿಗಿಯ ಪಟ್ಟಿಯಲ್ಲಿ ಉಂಟು. 2024ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಹಕ್ಕಿಯನ್ನು ಪರಿವೇಶ್ ಎಂಬ ಸರಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಾವು ಕೇರಳದೊಳಗೆ ಇರುವ ಕಾರಣ ಅರ್ಜಿ ಇಲ್ಲಿಯ ಚೀಫ್ ವೈಲ್ಡ್‌ಲೈಫ್ ವಾರ್ಡನ್‌ಗೆ ಹೋಗುತ್ತದೆ. ಮಾರಿದವರಿಂದ ಬಿಲ್ಲು ತೆಗೆದಿಟ್ಟುಕೊಂಡಿದ್ದೀರಿ ತಾನೇ? ನಮ್ಮ ಕಿಟ್ಟುವಿನ ಜಾತಿಗೂ ಈ ನೋಂದಣಿ ಬೇಕು. ಬಡ್ಜಿ, ಕಾಕಟೀಲ್ ಎಂಬ ಸಣ್ಣ ಗಿಳಿಗಳನ್ನು ಸಾಕುವವರಿಗೆ ಈ ರಗಳೆ ಇಲ್ಲ.

ಸಂಜೆ ನಾವು ಭಜನೆಗೆ ಕೂತ ಕೂಡಲೇ ಜಗಲಿಯಲ್ಲಿ ಗಿಳಿ ಕಿರುಚಲು ಶುರು ಮಾಡುತ್ತದೆ. ಬೇಕೆಂದೇ ಮಾಡುತ್ತದಾ? – ಓದುಗರು, ನೀರ್ಚಾಲು

ಬೇಕೆಂದೇ. ಆದರೆ ಅಡ್ಡಿ ಮಾಡಲಿಕ್ಕೆ ಅಲ್ಲ, ಸೇರಿಕೊಳ್ಳಲಿಕ್ಕೆ. ಹೊತ್ತು ಮುಳುಗುವಾಗ ಗಿಳಿಗಳು ಒಂದೇ ಮರಕ್ಕೆ ಬಂದು ಗದ್ದಲ ಎಬ್ಬಿಸುವುದನ್ನು ನೀವು ನೋಡಿರಬಹುದು. ಎಲ್ಲರೂ ಬಂದರಾ ಅಂತ ಹಾಜರಿ ತೆಗೆದ ಹಾಗೆ. ನಿಮ್ಮ ಹಿಂಡು ಒಳಗೆ ಸೇರಿ ತಾಳ ಹಾಕುತ್ತಿದೆ, ಇದೊಂದು ಹೊರಗೆ ಉಳಿದಿದೆ. ಪಂಜರವನ್ನು ಒಳಗೆ, ನಿಮ್ಮನ್ನು ಕಾಣುವ ಕಡೆ ಇಡಿ. ಭಜನೆ ಮುಗಿದದ್ದೇ ಶಾಂತವಾದ ಕೋಣೆಯಲ್ಲಿ ತೆಳ್ಳಗಿನ ಬಟ್ಟೆ ಹೊದಿಸಿ ಮಲಗಿಸಿ. ಗಿಳಿಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ, ನಿದ್ದೆ ಬೇಕು. ರಾತ್ರಿ ಹತ್ತೂವರೆಯ ಧಾರಾವಾಹಿವರೆಗೆ ಟೀವಿ ಪಕ್ಕ ಕೂರಿಸಿದ ಗಿಳಿ ಮರುದಿನ ಕಚ್ಚದೆ ಇನ್ನೇನು ಮಾಡೀತು?

ಪಂಜರ ಅಡುಗೆಮನೆಯಲ್ಲಿ ಇಡಬಹುದಾ? ನಾನು ಹೆಚ್ಚು ಹೊತ್ತು ಇರುವುದೇ ಅಲ್ಲಿ. – ಓದುಗರು, ಪೈವಳಿಕೆ

ಬೇಡ. ಇದನ್ನು ನಾನು ಓದಿ ಹೇಳುವುದಲ್ಲ. ಕಿಟ್ಟು ಬರುವ ಮೊದಲು ನಮ್ಮಲ್ಲಿ ಒಂದು ಜೋಡಿ ಲವ್‌ಬರ್ಡ್ ಇತ್ತು, ಪಂಜರ ಅಡುಗೆಮನೆಯ ಕಿಟಕಿ ಹತ್ತಿರವೇ. ಒಂದು ಬೆಳಿಗ್ಗೆ ದೋಸೆಗೆ ಅಂತ ನಾನ್‌ಸ್ಟಿಕ್ ತವಾ ಒಲೆಯ ಮೇಲಿಟ್ಟೆ, ಫೋನ್ ಬಂತು, ಮಾತಾಡುತ್ತಾ ಅಂಗಳಕ್ಕೆ ಹೋದೆ. ವಾಪಸ್ ಬರುವಾಗ ತವಾ ಹೊಗೆಯಾಡುತ್ತಿತ್ತು, ಎರಡೂ ಹಕ್ಕಿ ಪಂಜರದ ತಳದಲ್ಲಿ ಬಿದ್ದಿದ್ದವು. ನನಗೆ ಒಂದು ಕೆಮ್ಮೂ ಬರಲಿಲ್ಲ. ಆ ಲೇಪ ಅತಿಯಾಗಿ ಕಾದಾಗ ಬಿಡುವ ಹೊಗೆ ಹಕ್ಕಿಗಳಿಗೆ ವಿಷ. ಅವುಗಳ ಶ್ವಾಸಕೋಶ ನಮ್ಮದಕ್ಕಿಂತ ಚುರುಕು, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇಗ ಎಳೆದುಕೊಳ್ಳುತ್ತದೆ. ಅವತ್ತಿನಿಂದ ನಮ್ಮಲ್ಲಿ ಕಬ್ಬಿಣದ ಕಾವಲಿಯೇ. ಸೊಳ್ಳೆಬತ್ತಿ, ಊದುಬತ್ತಿ, ಲೋಬಾನದ ಹೊಗೆಯನ್ನೂ ದೂರ ಇಡಿ. ಇನ್ನೊಂದು, ನಮ್ಮ ಕಡೆಯವರು ಗಮನಿಸಲೇಬೇಕಾದ್ದು: ತೋಟಕ್ಕೆ ಮದ್ದು ಬಿಡುವ ದಿನ ಗಿಳಿಯನ್ನು ಕಿಟಕಿ ಹಾಕಿ ಒಳಗಿಡಿ. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ಅದು ಬಿದ್ದ ಪೇರಳೆ, ಪಪ್ಪಾಯಿ ಕೊಯ್ದು ಕೊಡಬೇಡಿ.

ತಿನ್ನಲು ಏನು ಕೊಡಬೇಕು? ನಮ್ಮದು ಸೂರ್ಯಕಾಂತಿ ಬೀಜ ಬಿಟ್ಟು ಏನೂ ಮುಟ್ಟುವುದಿಲ್ಲ. – ಓದುಗರು, ಉಪ್ಪಳ

ಮಕ್ಕಳು ಚಿಪ್ಸ್ ಬಿಟ್ಟು ಏನೂ ಮುಟ್ಟುವುದಿಲ್ಲ ಅಂದ ಹಾಗಾಯ್ತು. ಬರೀ ಸೂರ್ಯಕಾಂತಿ ತಿಂದರೆ ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ, ವಿಟಮಿನ್ ಎ ಸಾಲದೆ ಮೂಗು, ಗಂಟಲು ಕೆಡುತ್ತವೆ. ಒಮ್ಮೆಲೇ ನಿಲ್ಲಿಸಬೇಡಿ, ಹಸಿವಿನಲ್ಲಿ ಸತ್ತರೂ ಹೊಸದನ್ನು ಮುಟ್ಟದ ಹಟಮಾರಿಗಳಿವೆ. ಬೆಳಿಗ್ಗೆ ಹಸಿವು ಜಾಸ್ತಿ ಇರುವಾಗ ಸೊಪ್ಪು, ತರಕಾರಿ ಕೊಡಿ, ಬೀಜ ಆಮೇಲೆ. ಚೀನಿಕಾಯಿ, ನುಗ್ಗೆಸೊಪ್ಪು, ಅಲಸಂಡೆ, ಪಪ್ಪಾಯಿ, ಮೊಳಕೆ ಬಂದ ಹೆಸರು, ಉಪ್ಪಿಲ್ಲದ ಕುಚ್ಚಿಲಕ್ಕಿ ಅನ್ನ ಸ್ವಲ್ಪ. ಅದರ ಎದುರು ನೀವೇ ಒಂದು ತುಂಡು ತಿಂದು ತೋರಿಸಿ, ಬೇಗ ಕಲಿಯುತ್ತದೆ. ಗಾಂಧಾರಿ ಮೆಣಸು ಧಾರಾಳ ಕೊಡಬಹುದು. ನಮ್ಮ ಕಣ್ಣಲ್ಲಿ ನೀರು ತರಿಸುವ ಆ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ. ಕಿಟ್ಟು ಬೀಜ ಮಾತ್ರ ಆರಿಸಿ ತಿಂದು ಸಿಪ್ಪೆಯನ್ನು ನನ್ನ ಚಾದ ಲೋಟಕ್ಕೇ ಹಾಕುತ್ತದೆ.

ಬೆಣ್ಣೆಹಣ್ಣು ಮಾತ್ರ ಬೇಡವೇ ಬೇಡ, ಅದು ಗಿಳಿಯ ಪ್ರಾಣಕ್ಕೇ ಕುತ್ತು. ಚಾಕಲೇಟು, ಚಾ, ಕಾಫಿ, ನೀರುಳ್ಳಿ, ಬೆಳ್ಳುಳ್ಳಿಯೂ ಬೇಡ. ಚಾದಲ್ಲಿ ಅದ್ದಿದ ಬಿಸ್ಕೆಟ್ ಕೊಡುವ ಅಜ್ಜಂದಿರು ದಯವಿಟ್ಟು ಗಮನಿಸಿ. ಆಟಿಯ ಮಳೆಯಲ್ಲಿ ಬೀಜಕ್ಕೂ ನೆಲಗಡಲೆಗೂ ಬೂಸ್ಟು ಬರುತ್ತದೆ. ವಾಸನೆ ನೋಡಿ, ಸಂಶಯ ಬಂದರೆ ಎಸೆಯಿರಿ.

ಮಗಳಿಗೆ ಮದುವೆಯಾಗಿ ಪುತ್ತೂರಿಗೆ ಹೋದಳು. ಎರಡು ತಿಂಗಳಿಂದ ಅವಳ ಕಾಕಟೀಲ್ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ನೋಡಲಾಗುವುದಿಲ್ಲ. – ಓದುಗರು, ಪೆರ್ಲ

ಬೇಸರಕ್ಕೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ಚರ್ಮದ ರೋಗ, ಹೇನಿನಂಥ ಹುಳ, ಲಿವರ್ ತೊಂದರೆ ಇದ್ದರೂ ಕೀಳುತ್ತವೆ. ಹಕ್ಕಿ ನೋಡುವ ಡಾಕ್ಟರು ಊರಲ್ಲಿ ಸಿಗದಿದ್ದರೆ ಮಂಗಳೂರಿಗಾದರೂ ಒಮ್ಮೆ ಹೋಗಿ ಬನ್ನಿ. ತಡ ಮಾಡಬೇಡಿ, ಕಿತ್ತ ಕಡೆ ಗರಿಯ ಬುಡವೇ ಹಾಳಾದರೆ ಅದು ಮತ್ತೆ ಬರುವುದಿಲ್ಲ.

ರೋಗ ಏನೂ ಇಲ್ಲ ಅಂತಾದರೆ, ಹೌದು, ಅದಕ್ಕೆ ಒಬ್ಬರು ಕಡಿಮೆಯಾಗಿದ್ದಾರೆ. ನಿಮಗೂ ಆಗಿದೆ. ನೀವು ಹೇಗೋ ಕೆಲಸದಲ್ಲಿ ಮರೆಯುತ್ತೀರಿ, ಅದಕ್ಕೆ ಕೆಲಸವೇ ಇಲ್ಲ. ಕೆಲಸ ಕೊಡಿ. ಕಾಳನ್ನು ತಟ್ಟೆಯಲ್ಲಿ ಹಾಕುವ ಬದಲು ಅಡಿಕೆ ಹಾಳೆಯ ತುಂಡಿನಲ್ಲಿ ಮಡಚಿ, ಬಾಳೆನಾರಿನಲ್ಲಿ ಕಟ್ಟಿ ತೂಗಿಸಿ. ಗೆರಟೆಗೆ ತೂತು ಮಾಡಿ ಒಳಗೆ ತೆನೆ ಸಿಕ್ಕಿಸಿ. ಕೂರಲು ನುಣುಪಾದ ಕೋಲು ತೆಗೆದು ಪೇರಳೆ ಗೆಲ್ಲು ಹಾಕಿ, ತೊಗಟೆ ಸುಲಿಯುತ್ತಾ ಅರ್ಧ ದಿನ ಕಳೆಯುತ್ತದೆ. ಕೊಕ್ಕಿಗೆ ಬೇರೆ ಏನಾದರೂ ಸಿಕ್ಕಿದರೆ ಎದೆ ಉಳಿಯುತ್ತದೆ. ಬಿಸಿಲಿರುವಾಗ ನೀರು ಚಿಮುಕಿಸಿ ಸ್ನಾನ ಮಾಡಿಸಿ. ಮತ್ತು ನೀವು ತರಕಾರಿ ಹೆಚ್ಚುವಾಗ, ಹೂ ಕಟ್ಟುವಾಗ ಪಕ್ಕದಲ್ಲಿ ಇರಲಿ, ಸುಮ್ನೆ ಅದರ ಹತ್ತಿರ ಮಾತಾಡುತ್ತಾ ಇರಿ. ಫೋನಿನಲ್ಲಿ ಮಗಳ ಸ್ವರ ಕೇಳಿಸಬಹುದಾ ಅಂತಲೂ ಬರೆದಿದ್ದೀರಿ. ನನಗೆ ಅದು ಸರಿ ಕಾಣುವುದಿಲ್ಲ. ಸ್ವರ ಬಂತು, ಜನ ಬರಲಿಲ್ಲ ಅಂದರೆ ಅದು ಹುಡುಕುತ್ತದೆ. ಮಗಳು ಹಬ್ಬಕ್ಕೆ ಬಂದಾಗ ಒಂದು ಗಳಿಗೆ ಹೆಚ್ಚು ಕೂರಲಿ, ಸಾಕು.

ಮನೆಯಲ್ಲಿ ಅಸ್ತಮಾ ಇರುವವರಿದ್ದಾರೆ, ಸೊಸೆ ಬಾಣಂತನಕ್ಕೆ ಬರುವವಳಿದ್ದಾಳೆ. ಗಿಳಿಯಿಂದ ರೋಗ ಬರುತ್ತದಾ? – ಓದುಗರು, ಮುಳ್ಳೇರಿಯ

ಬರಬಹುದು. ಸಿಟಾಕೋಸಿಸ್ ಎಂಬ ಜ್ವರ ಉಂಟು, ಒಣಗಿದ ಹಿಕ್ಕೆಯ ಧೂಳಿನಿಂದ ಬರುತ್ತದೆ. ಪಂಜರದ ಕಾಗದ ದಿನಾ ಬದಲಿಸಿ, ಗುಡಿಸುವ ಬದಲು ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿ. (ನಮ್ಮಲ್ಲಿ ತಳಕ್ಕೆ ಒಂದು ದಿನ ಕನ್ನಡ ಪೇಪರು, ಒಂದು ದಿನ ಮಲಯಾಳಂ. ಗಡಿನಾಡಿನವರು ಯಾರಿಗೂ ಅನ್ಯಾಯ ಮಾಡಬಾರದು.) ಬಾಣಂತಿಯ ಕೋಣೆಯ ಹತ್ತಿರ ಬೇಡ. ಕಾಕಟೀಲ್, ಆಫ್ರಿಕನ್ ಗ್ರೇ ಮೈಯಿಂದ ಬಿಳಿ ಪುಡಿ ಉದುರುತ್ತದೆ, ಅಸ್ತಮಾದವರ ಮನೆಗೆ ಅವೆರಡು ಹೇಳಿಸಿದ್ದಲ್ಲ. ಯಾರಿಗಾದರೂ ಬಿಡದ ಜ್ವರ, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಳಿ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ರೆಕ್ಕೆ ಕತ್ತರಿಸಬೇಕಾ? – ಓದುಗರು, ಬಾಯಾರು

ಬೇಡ. ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿ, ಆಮೇಲೆ ಹೊರಗೆ ಬಿಡಿ.

ನಿವೃತ್ತ ಅಧ್ಯಾಪಕ, ವಯಸ್ಸು 66. ಮಕ್ಕಳು ಬೆಂಗಳೂರಿನಲ್ಲಿ. ಮಾತಾಡುವ ಗಿಳಿ ಬೇಕು. ಆಫ್ರಿಕನ್ ಗ್ರೇ ತರಲಾ? – ಓದುಗರು, ಅಡೂರು

ಸರ್, ಅದು ನಲವತ್ತು ವರ್ಷದ ಮೇಲೂ ಬದುಕುತ್ತದೆ. ನಿಮ್ಮ ನಂತರ ಯಾರು ಅನ್ನುವುದಕ್ಕೆ ಬೆಂಗಳೂರಿನ ಫ್ಲ್ಯಾಟಿನಿಂದ ಉತ್ತರ ಬರುವುದು ಕಷ್ಟ. ಬಡ್ಜಿ ಯಾಕೆ ಬೇಡ? ಅಂಗೈಯಷ್ಟು ಹಕ್ಕಿ, ಐದರಿಂದ ಹತ್ತು ವರ್ಷದ ಆಯುಸ್ಸು. ಮಾತು ಬರುವುದಿಲ್ಲ ಅಂತ ತಿಳಿಯಬೇಡಿ, ಅಮೆರಿಕದಲ್ಲಿ ಪಕ್ ಎಂಬ ಬಡ್ಜಿ 1,728 ಪದ ಹೇಳಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಗಂಡು ನೋಡಿ ತನ್ನಿ, ಕೊಕ್ಕಿನ ಮೇಲಿನ ಚರ್ಮ ನೀಲಿ ಇರುತ್ತದೆ, ಮಾತು ಬರುವುದು ಹೆಚ್ಚಾಗಿ ಅದಕ್ಕೇ. ದಿನವಿಡೀ ಮನೆಯಲ್ಲಿ ಇರುವವರಾದರೆ ಒಂದೇ ಸಾಕು, ನಿಮ್ಮ ಹತ್ತಿರವೇ ಮಾತಾಡುತ್ತದೆ. ಯಕ್ಷಗಾನ, ತಾಳಮದ್ದಳೆ ಅಂತ ರಾತ್ರಿ ಹೋಗಿ ಹಗಲು ಮಲಗುವವರಾದರೆ ಜೋಡಿಯೇ ತನ್ನಿ. ಆಗ ಅವು ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತವೆ, ನಿಮ್ಮ ಕನ್ನಡ ಕಲಿಯುವ ಗೋಜಿಗೇ ಹೋಗದಿರಬಹುದು.