ಮೀನ್ ಸರಿದಿದೆ ಅಂತ ಗೊತ್ತಿದ್ರೂ ಕಂಟ್ರೋಲ್ ಚಾರ್ಟ್ ಯಾಕೆ ಸುಮ್ನಿದೆ?

ಪ್ರೊಸೆಸ್ ಮೀನ್ (ಸರಾಸರಿ) ಒಂದು ಸಿಗ್ಮಾದಷ್ಟು (ಸಿಗ್ಮಾ ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್, ರೀಡಿಂಗ್‌ಗಳು ಸರಾಸರಿ ಸುತ್ತ ಎಷ್ಟು ಹರಡಿವೆ ಅನ್ನೋ ಅಳತೆ) ಮೇಲೆ ಹೋಗಿರೋದು ಬೇರೆ ಟೆಸ್ಟಿಂದ ಗೊತ್ತಾಯ್ತು, ಆದ್ರೆ ಕಂಟ್ರೋಲ್ ಚಾರ್ಟಲ್ಲಿ (ರೀಡಿಂಗ್‌ಗಳನ್ನ ಸಾಲಾಗಿ ಹಾಕಿ, ಸರಾಸರಿಯಿಂದ 3 ಸಿಗ್ಮಾ ಮೇಲೆ, ಕೆಳಗೆ ಲಿಮಿಟ್ ಗೆರೆ ಎಳೆದಿರೋ ಚಾರ್ಟ್) ಆಮೇಲಿನ 25 ಪಾಯಿಂಟಲ್ಲಿ ಒಂದೂ ಲಿಮಿಟ್ ದಾಟಿಲ್ಲ, ಹಾಗಾದ್ರೆ 3 ಸಿಗ್ಮಾ ಲಿಮಿಟ್‌ನ 2ಕ್ಕೆ ಇಳಿಸ್ಲಾ ಅಂತ ಕೇಳಿದೀರ. ಇಳಿಸ್ಬೇಡಿ. ನಿಮ್ಮ ಚಾರ್ಟ್ ಕೆಟ್ಟಿಲ್ಲ.

1924ರಲ್ಲಿ ಶೆವಾರ್ಟ್ ಕೊಟ್ಟ ಈ ಚಾರ್ಟ್ ಪ್ರತಿ ಪಾಯಿಂಟನ್ನೂ ಒಂಟಿಯಾಗಿ ನೋಡುತ್ತೆ, ಹಿಂದಿಂದು ಅದಕ್ಕೆ ನೆನಪೇ ಇರಲ್ಲ. ಒಂದು ಸಿಗ್ಮಾ ಸರಿದಾಗ ಮೇಲಿನ ಲಿಮಿಟ್ ಇನ್ನೂ 2 ಸಿಗ್ಮಾ ದೂರ ಇರುತ್ತಲ್ಲ, ಅದನ್ನ ದಾಟೋ ಸಾಧ್ಯತೆ ಪ್ರತಿ ಪಾಯಿಂಟಿಗೆ ಶೇಕಡ 2.3 ಅಷ್ಟೇ, ಅಂದ್ರೆ ಸರಾಸರಿ 44 ಪಾಯಿಂಟ್ ಕಾಯ್ಬೇಕು. 25 ಪಾಯಿಂಟ್ ಏನೂ ಆಗದೆ ಕಳೆದುಹೋಗೋ ಸಾಧ್ಯತೆನೇ ಅರ್ಧಕ್ಕಿಂತ ಜಾಸ್ತಿ. ಅದೇ 3 ಸಿಗ್ಮಾ ಜಿಗಿದಿದ್ರೆ ಸರಾಸರಿ ಎರಡೇ ಪಾಯಿಂಟಲ್ಲಿ ಸಿಕ್ಕಿಬೀಳ್ತಿತ್ತು. ದೊಡ್ಡ ಜಿಗಿತಕ್ಕೆ ಅಂತಾನೇ ಇರೋ ಚಾರ್ಟ್ ಇದು.

2 ಸಿಗ್ಮಾಗೆ ಇಳಿಸಿದ್ರೆ ಬೇಗ ಸಿಗುತ್ತೆ ನಿಜ, ಸುಮಾರು 6 ಪಾಯಿಂಟಲ್ಲಿ. ಆದ್ರೆ ಏನೂ ಆಗದೆ ಇರೋವಾಗ್ಲೂ ಸರಾಸರಿ 22 ಪಾಯಿಂಟಿಗೊಂದು ಸುಳ್ಳು ಅಲಾರಂ ಬರುತ್ತೆ, 3 ಸಿಗ್ಮಾದಲ್ಲಿ ಅದು 370ಕ್ಕೊಂದು. 22ಕ್ಕೊಂದು ಸಲ ಮೆಷಿನ್ ನಿಲ್ಲಿಸಿ ನಿಲ್ಲಿಸಿ ಜನ ಆಮೇಲೆ ಚಾರ್ಟ್ ಕಡೆ ತಿರುಗಿನೂ ನೋಡಲ್ಲ.

ಅದಕ್ಕಿಂತ ಮೊದ್ಲು ಒಂದು ಚೆಕ್ ಮಾಡಿ, ಸಿಗ್ಮಾ ಎಲ್ಲಿಂದ ತಗೊಂಡ್ರಿ? ಇರೋ ಡೇಟಾನೆಲ್ಲಾ ಸೇರಿಸಿ ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿದ್ರೆ ಸರಿದಿರೋ ಭಾಗನೂ ಅದ್ರೊಳಗೆ ಸೇರಿ ಲಿಮಿಟ್ ಅಗಲ ಆಗುತ್ತೆ, ಸೆಂಟರ್ ಲೈನೂ ಮೇಲೆ ಹೋಗುತ್ತೆ. ಅರ್ಧ ಡೇಟಾ ಹಳೇ ಮೀನಲ್ಲಿ, ಇನ್ನರ್ಧ ಒಂದು ಸಿಗ್ಮಾ ಮೇಲಿನ ಮೀನಲ್ಲಿ ಇದೆ ಅಂದ್ಕೊಳ್ಳಿ, ಆ 44 ಅನ್ನೋದು 400 ದಾಟಿಬಿಡುತ್ತೆ! ಸಾಫ್ಟ್‌ವೇರ್ ಇಲ್ದೆ ಎಕ್ಸೆಲ್ಲಲ್ಲಿ ಮಾಡೋರ ಚಾರ್ಟಲ್ಲಿ ನಾನು ಜಾಸ್ತಿ ನೋಡೋ ತಪ್ಪು ಇದೇ. ಒಂದೊಂದೇ ರೀಡಿಂಗ್ ಆದ್ರೆ ಅಕ್ಕಪಕ್ಕದ ಎರಡು ರೀಡಿಂಗ್ ವ್ಯತ್ಯಾಸದ (ಮೈನಸ್ ಗುರುತು ಬಿಟ್ಟು) ಸರಾಸರಿನ 1.128ರಿಂದ ಭಾಗಿಸಿ ಸಿಗ್ಮಾ ತಗೊಳ್ಳಿ, ಅದೂ ಪ್ರೊಸೆಸ್ ಸರಿ ಇದ್ದ ಕಾಲದ ಡೇಟಾದಿಂದ.

ಸಿಗ್ಮಾ ಸರಿ ಇದ್ರೆ, ನಾನು ಹೇಳೋದು ಕ್ಯೂಸಮ್ (ವ್ಯತ್ಯಾಸಗಳನ್ನ ಕೂಡಿಸ್ತಾ ಹೋಗೋ ಚಾರ್ಟ್) ಹಾಕಿ ಅಂತ. 1954ರಲ್ಲಿ ಪೇಜ್ ಅನ್ನೋರು ತಂದಿದ್ದು. ಹೆಸರು ಕೇಳಿ ಹೆದರ್ಬೇಡಿ, ಕೂಡೋದು ಕಳೆಯೋದು ಬಿಟ್ರೆ ಏನಿಲ್ಲ. ಟಾರ್ಗೆಟ್ 50, ಸಿಗ್ಮಾ 2 ಅಂದ್ಕೊಳ್ಳಿ. ಪ್ರತಿ ರೀಡಿಂಗಿಂದ 51 ಕಳೀರಿ (ಟಾರ್ಗೆಟ್ ಜೊತೆ ಅರ್ಧ ಸಿಗ್ಮಾ), ಬಂದಿದ್ದನ್ನ ಹಿಂದಿನ ಮೊತ್ತಕ್ಕೆ ಕೂಡ್ತಾ ಹೋಗಿ, ಮೈನಸ್ ಆದ್ರೆ ಸೊನ್ನೆ ಮಾಡಿ, 10 ಅಂದ್ರೆ 5 ಸಿಗ್ಮಾ ದಾಟಿದ್ರೆ ಅಲಾರಂ. ರೀಡಿಂಗ್ 53, 51, 54, 52, 54, 53 ಬಂತು ಅಂದ್ರೆ ಮೊತ್ತ 2, 2, 5, 6, 9, 11. ಆರನೇದಕ್ಕೇ ಸಿಕ್ತು ನೋಡಿ, ಶೆವಾರ್ಟ್ ಲಿಮಿಟ್ 44ರಿಂದ 56, ಅದರ ಹತ್ರಾನೂ ಯಾವುದೂ ಹೋಗಿಲ್ಲ. ಕೆಳಗೆ ಸರಿಯೋದನ್ನ ಹಿಡಿಯೋಕೆ ಇದೇ ಥರ ಇನ್ನೊಂದು ಮೊತ್ತ, 49ರಿಂದ ರೀಡಿಂಗ್ ಕಳೀತಾ. ಮೀನ್ ಒಂದು ಸಿಗ್ಮಾ ಸರಿದ್ರೆ (ಶಿಫ್ಟ್ ಅಂದ್ರೆ ಇದೇ) ಸರಾಸರಿ ಹತ್ತು ಚಿಲ್ಲರೆ ಪಾಯಿಂಟ್ ಸಾಕು, ಸುಳ್ಳು ಅಲಾರಂ ಸುಮಾರು 465ಕ್ಕೊಂದು, ಅಂದ್ರೆ ಶೆವಾರ್ಟಿಗಿಂತ ಕಮ್ಮಿನೇ.

ಇಡಬ್ಲ್ಯೂಎಂಎ (ಹೊಸ ರೀಡಿಂಗಿಗೆ ಜಾಸ್ತಿ, ಹಳೇದಕ್ಕೆ ಕಮ್ಮಿ ತೂಕ ಕೊಟ್ಟು ಸರಾಸರಿ ಹಾಕೋ ಚಾರ್ಟ್) ಕೂಡ ಹೆಚ್ಚುಕಮ್ಮಿ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ, ಯಾವುದು ಇಷ್ಟಾನೋ ಅದು. ನಾಲ್ಕು ನಾಲ್ಕು ರೀಡಿಂಗ್ ಸರಾಸರಿ ತಗೊಂಡು ಎಕ್ಸ್ ಬಾರ್ ಚಾರ್ಟ್ ಮಾಡಿದ್ರೂ ಸುಧಾರಿಸುತ್ತೆ, ಆದ್ರೂ ಲೆಕ್ಕ ಹಾಕಿದ್ರೆ ಸುಮಾರು 25 ರೀಡಿಂಗ್ ಬೇಕಾಗುತ್ತೆ. ವೆಸ್ಟರ್ನ್ ಎಲೆಕ್ಟ್ರಿಕ್ ರೂಲ್ಸ್ (ಲಿಮಿಟ್ ದಾಟೋದರ ಜೊತೆಗೆ ಪಾಯಿಂಟ್‌ಗಳ ಸಾಲನ್ನೂ ನೋಡಿ ಅಲಾರಂ ಕೊಡೋ ನಿಯಮಗಳು) ನಾಲ್ಕನ್ನೂ ಒಟ್ಟಿಗೆ ಹಾಕೋದು ನಂಗಿಷ್ಟ ಇಲ್ಲ, ಸುಳ್ಳು ಅಲಾರಂ ಸುಮಾರು 92ಕ್ಕೊಂದು ಆಗುತ್ತೆ. ಇನ್ನೊಂದು, ಒಂದು ರೀಡಿಂಗ್ ಮುಂದಿನದರ ಮೇಲೆ ಪ್ರಭಾವ ಬೀರೋ ಥರದ ಪ್ರೊಸೆಸ್ ಆದ್ರೆ (ಟ್ಯಾಂಕ್ ಟೆಂಪರೇಚರ್ ಥರ) ಮೇಲಿನ ಯಾವ ನಂಬರೂ ನಿಲ್ಲಲ್ಲ.

ಹಳೇ ಚಾರ್ಟ್ ತೆಗೀಬೇಡಿ, ಎರಡೂ ಜೊತೆಗೆ ಓಡ್ಲಿ. ಕ್ಯೂಸಮ್ ಅಲಾರಂ ಹೊಡೆದಾಗ ಮೊತ್ತ ಕೊನೇ ಸಲ ಸೊನ್ನೆ ಇದ್ದಿದ್ದು ಯಾವಾಗ ಅಂತ ಹಿಂದೆ ಹೋಗಿ ನೋಡಿ, ಶಿಫ್ಟ್ ಶುರುವಾಗಿದ್ದು ಹೆಚ್ಚುಕಮ್ಮಿ ಅದರ ಮುಂದಿನ ರೀಡಿಂಗಿಂದ, ಟೂಲ್ ಬದಲಾಯಿಸಿದ್ದೋ ಹೊಸ ಬ್ಯಾಚ್ ಬಂದಿದ್ದೋ ಅಂತ ಹುಡುಕೋದನ್ನ ಅಲ್ಲಿಂದ ಶುರು ಮಾಡಿ.