ನಾಟಿ ಬೀಜ ಉಳಿಸುವವರಿಗೆ ದೇಣಿಗೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸಾವಯವ ಕೃಷಿ, ನಾಟಿ ಬೀಜಗಳ ಸಂರಕ್ಷಣೆಯಲ್ಲಿ ತೊಡಗಿರುವ ಸಂಸ್ಥೆಗೆ ವರ್ಷಕ್ಕೆ 10,000 ರೂಪಾಯಿ ಕೊಡಬೇಕೆಂದಿದ್ದೇನೆ. ಸಂಸ್ಥೆಯನ್ನು ಆರಿಸುವುದು ಹೇಗೆ? ತೆರಿಗೆ ರಿಯಾಯಿತಿ ಉಂಟೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ತೆರಿಗೆಯ ಮಾತನ್ನು ಮೊದಲು ಮುಗಿಸೋಣ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದೂ ಇಲ್ಲವಾದ್ದರಿಂದ ಚೆಕ್ ಮೂಲಕ ಕೊಟ್ಟು ರಸೀದಿಯನ್ನೂ ಸಂಸ್ಥೆ ಕೊಡುವ ದೇಣಿಗೆ ಪ್ರಮಾಣಪತ್ರವನ್ನೂ ಪಡೆಯಿರಿ.

ಆರಿಸುವಾಗ ಬಣ್ಣದ ಕರಪತ್ರವನ್ನು ಬದಿಗಿಟ್ಟು ಗದ್ದೆಗೇ ಹೋಗಿ ನೋಡುವುದು ಲೇಸು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಇಂಥ ಕೆಲಸದಲ್ಲಿ ತಳಿ ಬೆರಕೆಯಾಗದಂತೆ ಪ್ರತಿಯೊಂದನ್ನೂ ಬೇರೆಯಾಗಿ ನಾಟಿ ಮಾಡಿ, ಕೊಯ್ದು, ಬಡಿದು, ಒಣಗಿಸಬೇಕಾಗುತ್ತದೆ. ಬೀಜದ ಮೊಳೆಯುವ ಶಕ್ತಿ ಕಾಲಕ್ರಮೇಣ ಕುಂದುವುದರಿಂದ ಮತ್ತೆ ಮತ್ತೆ ಬೆಳೆದು ಹೊಸ ಬೀಜ ಮಾಡಿಕೊಳ್ಳಬೇಕು; ಹಾಗಾಗಿ ಈ ಕೂಲಿಯ ಖರ್ಚು ತಪ್ಪುವುದೇ ಇಲ್ಲ. ಆದ್ದರಿಂದ ಕಟ್ಟಡಕ್ಕಿಂತ ಕೂಲಿಗೆ ಕೊಟ್ಟ ಹಣವೇ ಹೆಚ್ಚು ಸಾರ್ಥಕವೆಂದು ನನ್ನ ಅಭಿಪ್ರಾಯ, ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆ ನಿಮಗಿಲ್ಲದಿದ್ದರೆ. ಬೀಜ ಒಯ್ದ ರೈತರು ಎಷ್ಟು ಮಂದಿ, ಸುಗ್ಗಿಯಲ್ಲಿ ಮರಳಿಸಿದವರು ಎಷ್ಟು ಎಂಬ ಲೆಕ್ಕವನ್ನು ಕೇಳಿ; ಒದ್ದೆ ಗೋಣಿತಾಟಿನಲ್ಲಿ 100 ಕಾಳು ಸುತ್ತಿಟ್ಟು ಮೊಳಕೆ ಎಣಿಸುವ ಪರೀಕ್ಷೆಯನ್ನು ಬಿತ್ತನೆಗೆ ಮುನ್ನ ಸಂಸ್ಥೆಯವರು ಮಾಡುತ್ತಾರೆಯೇ ಎಂಬುದನ್ನೂ ವಿಚಾರಿಸಿ.